ಎಡಬಾಗಿಲು

ಕೌಲ್ ಬಜಾರಿನ ಶೆಡ್ಡಿನಲ್ಲಿ ಸೀಟು ಬಿಚ್ಚಿ
ಮ್ಯಾಟು ಎತ್ತಿದರೆ ನೆಲದ ತುಂಬ
ಕೆಂಪು. ಹಳೆ ಮಾಲೀಕ
ಅದಿರು ಲಾರಿಗಳಿಗೆ ಡೀಸೆಲ್ ಒಯ್ದ ಕಾಲದ್ದು.
ಒಂದು ಹೇರ್‌ಪಿನ್ನು, ಶೇಂಗಾ ಸಿಪ್ಪೆ,
ಅಂಕಿ ಮಾಸಿದ ಚೀಟಿ.

ಶೇಕ್ಷಾವಲಿ ಪೆಟ್ರೋಲ್ ಅದ್ದಿ ಒರೆಸಿದ,
ಮತ್ತೆ ಒರೆಸಿದ.
ಬಟ್ಟೆ ಬದಲಾಯಿತು, ಬಣ್ಣ ಬದಲಾಗಲಿಲ್ಲ.
“ಇರ್ಲಿ ಬಿಡಣ್ಣ, ಇದೂ ಒಂದು ಪ್ರೈಮರ್ರೇ.”

ಕರಿ ರಬ್ಬರಿನ ಹಾಳೆ, ಬೆಳ್ಳಿ ಬೆನ್ನು.
ಮೇ ಬಿಸಿಲು, ಹೀಟ್‌ಗನ್ ಬೇಕಾಗಲಿಲ್ಲ.
ರೋಲರ್ ಒತ್ತಿ ಒತ್ತಿ ಬಂದಂತೆ ತಗಡು
ಬೆರಳ ಗಣ್ಣಿಗೆ ಟಣ್ ಅನ್ನುವುದು ಬಿಟ್ಟು
ದಪ್ ಅಂದಿತು,
ಉಂಡ ಹೊಟ್ಟೆಯ ಹಾಗೆ.

ಎಡಬಾಗಿಲಿಗೆ ಬರುವಷ್ಟರಲ್ಲಿ ಹಾಳೆ ಮುಗಿಯಿತು.
ದುಡ್ಡೂ.

ಸಂಜೆ ಜೀನ್ಸ್ ಗಂಟು ಹೇರಿ ವಾಷಿಂಗಿಗೆ ಹೊರಟೆವು.
ಹನ್ನೊಂದು ವರ್ಷ ಈ ಗಡಗಡದ ಮೇಲೆ
ಕೂಗಿಯೇ ಹೇಳಿದ್ದೇನೆ ಎಲ್ಲ:
ಬಾಡಿಗೆ, ರಸ್ತೆಯ ಗುಂಡಿ, ಅವಳ ತಮ್ಮನ ಸಾಲ.
ಇವತ್ತೂ ಕೂಗಿದೆ,
“ಎರ್ರೆಮ್ಮಾ, ನೀರು ಕೊಡು!”
ಬೆಚ್ಚಿದಳು.
“ಯಾಕ ಒದರ್ತಿ? ಇಲ್ಲೇ ಅದೀನಲ್ಲ.”

ಆಮೇಲೆ ಮೋತಿ ಸರ್ಕಲ್‌ವರೆಗೆ
ಏನು ಮಾತಾಡಬೇಕೋ ತಿಳಿಯಲಿಲ್ಲ.
ಅವಳ ಕಡೆಯ ಬಾಗಿಲೊಂದೇ
ದಾರಿಯುದ್ದಕ್ಕೂ ಒದರುತ್ತ ಬಂತು.