ಇಬ್ಬರದೂ ಹತ್ತೊಂಬತ್ತು

ಲಗ್ಗೆರೆ ಶಾಲೆಯ ವರಾಂಡದಲ್ಲಿ
ತೂಕದ ಯಂತ್ರ ಸಮನಾಗಿ ಕೂರುವುದಿಲ್ಲ.
ಹಳೇ ಹಾಜರಿ ಪುಸ್ತಕದ ರಟ್ಟು ಮಡಚಿ
ಒಂದು ಮೂಲೆಗೆ ಕೊಟ್ಟಿದ್ದೇನೆ.
ರಿಂಗ್ ರಸ್ತೆಯಲ್ಲಿ ಲಾರಿ ಹೋದರೆ
ಯಾರೂ ಹತ್ತದೆಯೇ ಮುಳ್ಳು ಕದಲುತ್ತದೆ.

ಪಿ.ಟಿ. ಮೇಡಂ ನಾನು. ಕೊರಳಲ್ಲಿ ಸೀಟಿ, ಕಿವಿಗೆ ಪೆನ್ಸಿಲು.
ಎರಡನೇ ಕ್ಲಾಸಿನ ಲಿಖಿತ್ ಉಸಿರು ಬಿಗಿಹಿಡಿದು ಹತ್ತಿದ,
ಗಾಳಿಗೂ ತೂಕವುಂಟೆಂದು ಯಾರು ಹೇಳಿದರೋ.
ಇಪ್ಪತ್ತೇಳೂವರೆ ಕಿಲೋ.
ಒಂಬತ್ತನೇ ಕ್ಲಾಸಿನ ಅಕ್ಕ ತನುಶ್ರೀ
ಬಳೆ ತೆಗೆದಿಟ್ಟು, ಜಡೆಯ ಟೇಪೂ ಬಿಚ್ಚಿಟ್ಟು ಹತ್ತಿದಳು.
ನಲವತ್ತನಾಲ್ಕು.
ತೂಕವನ್ನು ಮೀಟರಿನ ಎತ್ತರದಿಂದ ಭಾಗಿಸಿದೆ,
ಬಂದದ್ದನ್ನು ಅದೇ ಎತ್ತರದಿಂದ ಇನ್ನೊಮ್ಮೆ.
ತಮ್ಮನದು ಹತ್ತೊಂಬತ್ತು.
ಅಕ್ಕನದೂ ಹತ್ತೊಂಬತ್ತು.

ಜೋರಾಗಿ ಓದಿದ್ದು ನನ್ನ ತಪ್ಪು.

ತಮ್ಮನನ್ನು ಎಲ್ಲರೂ ಗುಂಡ ಅನ್ನುತ್ತಾರೆ.
ಅವನಷ್ಟೇ ಬಂದವಳು ಆ ಮಧ್ಯಾಹ್ನ
ಬಿಸಿಯೂಟದ ಮೊಟ್ಟೆಯನ್ನು ಪಕ್ಕದ ತಟ್ಟೆಗೆ ಉರುಳಿಸಿದಳು.
ಮರುದಿನ ಅನ್ನವನ್ನೂ ತಳ್ಳಿದಳು.

ಶನಿವಾರ ಅವರಮ್ಮ ಬಂದರು, ಗಂಗಹೊನ್ನಮ್ಮ,
ಪೀಣ್ಯದ ಗಾರ್ಮೆಂಟ್ಸಿನಲ್ಲಿ ಕಟಿಂಗ್ ಸೆಕ್ಷನ್.
ನಾನು ಚಾರ್ಟು ಬಿಡಿಸಿದೆ, ಬಾಗಿದ ಗೆರೆಗಳ ಚಾರ್ಟು:
ಏಳು ವರ್ಷದ ನೂರು ಹುಡುಗರು ಸಾಲಾಗಿ ನಿಂತರೆ
ನಿಮ್ಮವನ ಹಿಂದೆ ತೊಂಬತ್ತೈದು ಜನ;
ಹದಿನಾಲ್ಕರ ಹುಡುಗಿಯರಲ್ಲಿ ಇವಳು ನಟ್ಟನಡುವೆ...
ಆಕೆ ಚಾರ್ಟು ನೋಡಲಿಲ್ಲ. ಮಗಳ ಕಡೆ ತಿರುಗಿ ಅಂದರು:

'ಒಂದು ಮೀಟರ್ ಬಟ್ಟೇಲಿ ಇವನಿಗೆ ಅಂಗಿ ಹೊಲಿದು
ಇನ್ನೂ ಚೂರು ಮಿಗ್ತದೆ.
ಅದೇ ಮೀಟರ್ ನಿಂಗೆ ಬರೀ ರವಿಕೆ.
ಮೀಟರ್ ಸುಳ್ಳೇನೇ?
ಯಾರ ಮೈಗೆ ಅಂತ ಕೇಳ್ಬೇಕು, ಪೆದ್ದಿ.'

ಎರಡು ದಿನದ ತರಬೇತಿಯಲ್ಲಿ
ನನಗಿದನ್ನು ಯಾರೂ ಹೀಗೆ ಹೇಳಿರಲಿಲ್ಲ.

ಆಮೇಲೆ ದನಿ ತಗ್ಗಿಸಿ, ಮಗನ ಮಾತು.
ಎಂಟಕ್ಕೆ ಹೋದರೆ ಏಳಕ್ಕೆ ಬರೋದು ಮೇಡಂ,
ಅಲ್ಲೀತನಕ ಐದು ರೂಪಾಯಿ ಚಿಪ್ಸೇ ಇವನಿಗೆ ಅಮ್ಮ.
ಓಣಿ ತುಂಬ ಬೈಕು, ಎಲ್ಲಿ ಓಡ್ತಾನೆ?
ಅದಕ್ಕೆ ನನ್ನ ಚಾರ್ಟಿನಲ್ಲಿ ಗೆರೆಯಿರಲಿಲ್ಲ.
ಪೆನ್ಸಿಲಿನಲ್ಲಿ ಒಂದು ಚುಕ್ಕಿ ಇಟ್ಟೆ.
ಆರು ತಿಂಗಳಿಗೆ ಇನ್ನೊಂದು ಇಡಬೇಕು.
ಒಂಟಿ ಚುಕ್ಕಿ ಯಾವ ದಿಕ್ಕನ್ನೂ ಹೇಳುವುದಿಲ್ಲ.

ಈಗ ಅಂಕಿಗಳನ್ನು ಓದಿ ಹೇಳುವುದಿಲ್ಲ ನಾನು.
ಸಂಜೆಯ ಬೆಲ್ಲಾದ ಮೇಲೂ ಗೇಟು ತೆರೆದಿರುತ್ತದೆ.
ಲಿಖಿತ್ ನನ್ನ ಸೀಟಿ ಕಸಿದುಕೊಂಡು
ಮೈದಾನದ ತುಂಬ ರೆಫರಿಯಾಗಿ ಓಡುತ್ತಾನೆ,
ಚೆಂಡಿಗಿಂತ ಸದಾ ಸ್ವಲ್ಪ ತಡ.

ಮಧ್ಯಾಹ್ನ ತನುಶ್ರೀ ಮೊಟ್ಟೆ ಬಿಡಿಸುತ್ತಾಳೆ,
ಬಿಳಿಯನ್ನೆಲ್ಲ ಮೊದಲು ತಿಂದು
ಹಳದಿಯನ್ನು ಕೊನೆಗೆ ಉಳಿಸಿಕೊಳ್ಳುತ್ತಾಳೆ.