ಷರಾ

ಆಫೀಸಿನ ಬೀರು, ಕೆಳಗಿನ ಖಾನೆ, ಬಿಸ್ಕತ್ತಿನ ತಗಡಿನ ಡಬ್ಬ.
ಬೀಗದ ಕೈ ನನ್ನ ಸೊಂಟದಲ್ಲಿ.
ಇಪ್ಪತ್ತೆರಡು ವರ್ಷದಿಂದ ರಿಪ್ಪನ್‌ಪೇಟೆಯ ಈ ಹೈಸ್ಕೂಲಿನ
ಗಂಟೆ ನನ್ನದು, ಗೇಟು ನನ್ನದು,
ಈಗೆರಡು ವರ್ಷದಿಂದ ಮಕ್ಕಳ ಮೊಬೈಲೂ ನನ್ನದು.
ಹೆತ್ತವರು ಬಂದು ಸಹಿ ಹಾಕುವ ತನಕ
ಒಂದರ ಮೇಲೊಂದು ಮಲಗಿರುತ್ತವೆ,
ನಡುನಡುವೆ ಕನಸು ಬಿದ್ದವರ ಹಾಗೆ ಗುರುಗುಡುತ್ತವೆ.

ಎರಡು ಜಡೆ, ಬಿಳಿ ರಿಬ್ಬನ್ನು,
ವೇಲಿಗೆ ಎರಡು ಪಿನ್ನು,
ಕಪ್ಪು ಶೂ, ಬಿಳಿ ಕಾಲುಚೀಲ.
ಸುತ್ತೋಲೆ ಹಿಡಿದು ನಿಂತಿದ್ದೆ,
ಒಂಬತ್ತನೇ ಬಿ ಸಿಂಚನ ಬಂದಳು ಗಮ್‌ಬೂಟಿನಲ್ಲಿ.
ಮೊಣಕಾಲಿನವರೆಗೆ ರಬ್ಬರು, ನಡೆದರೆ ಬಳಕ್ ಬಳಕ್.
"ಕಪ್ಪೇ ಅಲ್ವಾ ಅಕ್ಕ?"
ಹುಡುಕಿದೆ. ಎಷ್ಟು ಎತ್ತರ ಅಂತ ಬರೆದಿರಲಿಲ್ಲ.
ಆದರೂ ಪಿ.ಟಿ. ಮೇಷ್ಟ್ರು ಧ್ವಜದ ಕಟ್ಟೆಯ ಹತ್ತಿರ ನಿಲ್ಲಿಸಿದರು.
ಚೀಲದ ಮೊಬೈಲು ಆಗಲೇ ಸಿಕ್ಕಿದ್ದು,
ಗಾಜು ಒಡೆದ, ರಬ್ಬರ್ ಬ್ಯಾಂಡ್ ಸುತ್ತಿದ ಮುದಿ ಸೆಟ್ಟು.
ರಿಜಿಸ್ಟರಿಗೆ ಏರಿಸಿದೆ: ಹೆಸರು, ತರಗತಿ, ದಿನಾಂಕ.
ಕೊನೆಯಲ್ಲಿ ಷರಾ ಅಂತ ಒಂದು ಕಲಂ,
ಅಲ್ಲಿ ಯಾರೂ ಏನೂ ಬರೆದದ್ದಿಲ್ಲ.

ಮೂರನೇ ಪಿರಿಯಡ್ಡು. ಡಬ್ಬ ಕುಣಿಯಿತು.
ನಿಂತಿತು. ಮತ್ತೆ ಕುಣಿಯಿತು.
ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು.
ಬಂದ್ ಮಾಡೋಣ ಅಂತಲೇ ತೆಗೆದದ್ದು ನಾನು,
ಬೆರಳು ಎಲ್ಲಿ ತಾಗಿತೋ, ಒಂದು ಹೆಂಗಸಿನ ಪಿಸುದನಿ:
"ಹಂಡೆ ಹಿಂದೆ ಇದೆ. ಸ್ಟೂಲ್ ಹತ್ತಿ ನಿಂತಿದೀನಿ."
ಏನು ಅಂದೆ.
"ನಾಗರ."

ಕಟ್ಟೆಗೆ ಓಡಿದೆ. ಹುಡುಗಿ
ಬಿಸಿಲಿಗೆ ಕಣ್ಣು ಕಿರಿದು ಮಾಡಿ ಪಾಠ ಒಪ್ಪಿಸಿದಳು:
ಅಪ್ಪ ಕೆರಿಯಪ್ಪ, ಎದುರಿನ ಅಕ್ಕಿ ಗಿರಣಿ,
ಹಾವು ಹಿಡೀತಾರೆ, ದುಡ್ಡು ಕೇಳಲ್ಲ.
ಗಿರಣಿ ಸದ್ದಿಗೆ ಕಿವಿ ಹೋಗಿದೆ.
ಅದಕ್ಕೇ ಫೋನು ನನ್ನ ಹತ್ರ,
ಚೀಟಿ ಬರ್ದು ಇಂಟರ್‌ವಲ್ಲಲ್ಲಿ ಓಡ್ತೀನಿ.
ಪಾಠದ ಹೊತ್ತಲ್ಲಿ ಬಂದರೆ?
"ಅಲ್ಲೀ ತನಕ ಹಾವು ಕಾಯುತ್ತೆ ಅಕ್ಕ.
ಮನುಷ್ಯರದ್ದೇ ಗಡಿಬಿಡಿ."

ಅಂದವಳು ಕಲ್ಲು ಹೊಕ್ಕಿದೆಯೆಂದು ಒಂದು ಬೂಟು ಕಳಚಿದಳು.
ಆಗ ಕಂಡಿತು.
ಒಳಗಿದ್ದ ಪ್ಯಾಂಟು ಕಣಕಾಲಿಗಿಂತ ಗೇಣು ಮೇಲೆ ಹತ್ತಿ ಕೂತಿತ್ತು,
ಎಂಟನೇ ಕ್ಲಾಸಿನಲ್ಲಿ ಹೊಲಿಸಿದ್ದು,
ಅಂಚು ಬಿಚ್ಚಿ ಇಳಿಸಿದ ಹಳೇ ಗೆರೆ ಎರಡು.
ನಾನು ನೋಡಿದ್ದನ್ನು ಅವಳು ನೋಡಿದಳು.
"ಹಾವಿಗೆ ಸಣ್ಣ ಆದ್ರೆ ಬೇಲೀಲಿ ಬಿಚ್ಚಿಟ್ಟು ಹೋಗುತ್ತೆ.
ನಮಗೆ ಬರೋದು ಜೂನಿಗೆ."
ಬೂಟು ಮತ್ತೆ ಏರಿಸಿಕೊಂಡಳು.

ಅವಳನ್ನು ಹೊರಗೆ ಬಿಡುವ ಹಾಗಿಲ್ಲ.
ಗೇಟು ಹಾಕಿ ನಾನೇ ರಸ್ತೆ ದಾಟಿದೆ.
ತೌಡಿನ ಧೂಳಿನಲ್ಲಿ ಹುಬ್ಬೂ ಬೆಳ್ಳಗಾದ ಮನುಷ್ಯ
ಚೀಟಿ ಓದಿ, ಎರಡು ಕೈ ಅಗಲಿಸಿ ಕೂಗಿದ:
"ಎಷ್ಟುದ್ದ?"
ಗೊತ್ತಿರಲಿಲ್ಲ.
ಜಡೆ, ವೇಲು, ಕಾಲುಚೀಲ, ಬೆಳಿಗ್ಗೆಯಿಂದ
ಅಳೆದೂ ಅಳೆದೂ ಬಂದವಳು
ಇದೊಂದು ಕೇಳಿರಲಿಲ್ಲ.

ಮಾರನೇ ದಿನ ಬಂದು ಸಹಿ ಹಾಕಿದ.
ಹಾಕಿ, ಫೋನು ಮುಟ್ಟದೆ,
"ನಿಮ್ಮ ಹತ್ರಾನೇ ಇರ್ಲಿ, ಅವಳು ಓದ್ಲಿ" ಅಂದ,
ಇಡೀ ಶಾಲೆಗೆ ಕೇಳುವಷ್ಟು ಗಟ್ಟಿಯಾಗಿ.
ಹೆಡ್ ಮೇಷ್ಟ್ರು ಅದೇ ಹೊತ್ತಿಗೆ
ಬಿಸಿಯೂಟದ ಬೇಳೆ ನೋಡಲು ಎದ್ದು ಹೋದರು.

ಈಗ ದಿನಾ ಬೆಳಿಗ್ಗೆ ಗೇಟಿನಲ್ಲಿ ವಶ,
ಸಂಜೆ ಗಂಟೆ ಹೊಡೆದು ವಾಪಸ್.
ಚಾರ್ಜಿಗೆ ಹಾಕುವವಳೂ ನಾನೇ.
ಬೂಟಿನ ಬಗ್ಗೆ ಸುತ್ತೋಲೆ ಇನ್ನೂ ಬಂದಿಲ್ಲ.
ಷರಾ ಕಲಮ್ಮಿನಲ್ಲಿ ನನ್ನ ಕೋಳಿಕಾಲಿನ ಅಕ್ಷರ:
ಹಂಡೆ ಹಿಂದೆ, ನಾಗರ, ನಾಲ್ಕಡಿ.
ಸೌದೆ ಕೊಟ್ಟಿಗೆ, ಕೇರೆ, ಸುಮ್ಮನೆ ಹೆದರಿದ್ದು.
ಸೊಸೈಟಿ ಗೋಡೌನು, ಮೊದಲೇ ಹೊರಟುಹೋಗಿತ್ತು.

ಡಬ್ಬ ಕುಣಿದರೆ ಹಲೋ ಅನ್ನುವುದಿಲ್ಲ ನಾನು.
ಎಷ್ಟುದ್ದ, ಅಂತ ಕೇಳುತ್ತೇನೆ.