ದಿನಕ್ಕೊಂದು ಗಾಲಿ

ದೋಣಿ ನನ್ನದು, ಲೆಕ್ಕ ಇಲಿಂಕಾಳದು.
ತುಲ್ಚಾ ಪಟ್ಟಣದಿಂದ ಬಂದ ಹುಡುಗಿ,
ಮೊಣಕೈವರೆಗೆ ರಬ್ಬರಿನ ಗವಸು, ಕೊರಳಲ್ಲಿ ಭೂತಗನ್ನಡಿ.
ಕಡಲು ಕಂಡ ಮೇಲೂ ದಾನ್ಯೂಬ್ ನದಿ
ದಾರಿ ತಪ್ಪಿ ತಪ್ಪಿ ಅಲೆಯುವ ಈ ಜೊಂಡಿನ ನಾಡಲ್ಲಿ
ಅವಳು ಹುಡುಕುವುದು ಗೇಣುದ್ದದ ಒಂದು ಗಿಡ.

"ಬೇರು?" ಎಂದೆ.
"ಇಲ್ಲ."
"ನೆಲ?"
"ಬೇಡ."
ನಗು ಬಂತು. ನಮ್ಮ ಮುತ್ತಜ್ಜರೂ ಹಾಗೆಯೇ ಬಂದದ್ದು,
ಎರಡೇ ಬೆರಳಲ್ಲಿ ಶಿಲುಬೆ ಗೀರುವ ಹಟವೊಂದನ್ನು
ಗಂಟು ಕಟ್ಟಿಕೊಂಡು, ತೇಲುತ್ತ.

ಬೊಗಸೆ ನೀರಲ್ಲಿ ಎತ್ತಿ ತೋರಿಸಿದಳು:
ನೂಲಿನಂಥ ದಂಟು, ಸುತ್ತ ಎಂಟೆಂಟು ಎಲೆ,
ಬಂಡಿಗಾಲಿಯ ಅರಗಳ ಹಾಗೆ;
ಅರದ ತುದಿಗೊಂದು ಬಾಯಿ, ಗೋಧಿಕಾಳಿನಷ್ಟು.
ನೀರುಚಿಗಟವೊಂದು ಕುಪ್ಪಳಿಸುತ್ತ ಬಂದು
ಒಳಗಿನ ರೋಮ ಸೋಕಿತು.
"ನೋಡಿ" ಎಂದಳು.
"ಡಿ" ಬರುವ ಮೊದಲೇ ಬಾಗಿಲು ಹಾಕಿಯಾಗಿತ್ತು.

ಮೀನು ಹಿಡಿದೇ ಉಣ್ಣುವ ನನಗೆ ಇದರಲ್ಲೇನು ಬೆರಗು?
ಬೆರಗು ಹುಟ್ಟಿದ್ದು ಬೇರೆ ಮಾತಿಗೆ.
ದಿನಕ್ಕೊಂದು ಗಾಲಿ ಮುಂದೆ ಮೂಡುತ್ತದಂತೆ,
ದಿನಕ್ಕೊಂದು ಗಾಲಿ ಹಿಂದೆ ಕೊಳೆತು ಕಳಚುತ್ತದಂತೆ.
ಉದ್ದ ಅಷ್ಟಕ್ಕಷ್ಟೇ.
ಜುಲೈಯಲ್ಲಿ ಕಂಡ ಒಂದೆಲೆಯೂ ಸೆಪ್ಟೆಂಬರಿಗಿಲ್ಲ,
ಆದರೂ ಅವಳ ಪುಸ್ತಕದಲ್ಲಿ ಅದೇ ಗಿಡ, ಅದೇ ನಂಬರು:
ಹದಿನೇಳು.

ಹುಟ್ಟು ಹಾಕುತ್ತ ಯೋಚಿಸಿದೆ.
ನಮ್ಮಮ್ಮ ಅಗಾಫ್ಯಳದು ಇದಕ್ಕೆ ತಿರುಗುಮುರುಗು.
ಅವಳಲ್ಲಿ ಕೊಳೆತದ್ದು ತುದಿ.
ಬೆಳಿಗ್ಗೆ ಕುಡಿದ ಮೀನಿನ ಸಾರು ನೆನಪಿಲ್ಲ,
ಎವ್ಲಾಂಪ್ಯ ಎಂದು ತಾನೇ ಇಟ್ಟ ಹೆಸರೂ ಇಲ್ಲ;
ಏಳನೇ ವಯಸ್ಸಿನ ಚಳಿಗಾಲ, ಹೆಪ್ಪುಗಟ್ಟಿದ ಕಾಲುವೆ,
ಮಂಜುಗಡ್ಡೆಯೊಳಗೆ ಸಿಕ್ಕಿಕೊಂಡ ಮೀನಿನ ಕಣ್ಣು
ತನ್ನನ್ನೇ ನೋಡಿದ್ದು,
ಅದು ಇವತ್ತಿಗೂ ಹಸಿರು.

ಅಕ್ಟೋಬರ್ ಕೊನೆಗೆ ಮತ್ತೆ ಹೋದೆವು.
ಹದಿನೇಳು ಇರಲಿಲ್ಲ.
"ಸತ್ತಿತೆ?"
"ಮುಳುಗಿದೆ."
ತುದಿಯ ಎಲೆಗಳನ್ನೆಲ್ಲ ಒಳಗೆಳೆದುಕೊಂಡು
ಕಾಳುಮೆಣಸಿನಂಥ ಮೊಗ್ಗಾಗಿ, ಹಿಟ್ಟು ತುಂಬಿಕೊಂಡು
ಕೆಸರಿಗೆ ಇಳಿದಿದೆಯಂತೆ.
ನೀರು ಬೆಚ್ಚಗಾದಾಗ ಒಡಲಲ್ಲಿ ಗಾಳಿ ಕಟ್ಟಿ
ಮೇಲೆ ಬರುತ್ತದಂತೆ.
"ಎಲ್ಲವೂ ಬರುತ್ತವಾ?"
ಗವಸು ಬಿಚ್ಚಿ ನೀರು ಚೆಲ್ಲಿದಳು.
"ಇಲ್ಲ. ಬಾತು ತಿಂದದ್ದು, ಕೊಳೆತದ್ದು ಬಿಟ್ಟು."

ಮನೆಗೆ ಬಂದರೆ ಅಮ್ಮ
ಒಲೆಗಟ್ಟೆಯ ಮೇಲೆ ಮೊಣಕಾಲು ಎದೆಗೆ ಮಡಚಿ ಮಲಗಿದ್ದಳು.
ಕಂಬಳಿ ಎಳೆದು ಹೊದಿಸಿದೆ.
ಕಣ್ಣು ತೆರೆದು, "ಯಾರಮ್ಮ ನೀನು?" ಅಂದಳು.

"ಹದಿನೇಳು" ಅಂದೆ.